ಆಲೆ ಮರದ ಅಚ್ಚು, ರೇಷ್ಮೆಯ ಬಿಗಿತಂತಿ: ವಾಪಿಟಿ ವಿಮಾನದ ಪುಟ್ಟ ಮಾದರಿ ಮಾಡುವ ಬಗೆ

ಭಾರತೀಯ ವಾಯುಪಡೆಯ ಮೊದಲ ವಿಮಾನ ವೆಸ್ಟ್‌ಲ್ಯಾಂಡ್ ವಾಪಿಟಿ. 1932ರ ಅಕ್ಟೋಬರ್ 8ರಂದು ಕಾಗದದ ಮೇಲೆ ಹುಟ್ಟಿದ ವಾಯುಪಡೆ, 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ತನ್ನ ಮೊದಲ ಸ್ಕ್ವಾಡ್ರನ್ನನ್ನು ಕಟ್ಟಿಕೊಂಡಿತು. ಆ ದಿನ ಅದರ ಬಳಿ ಇದ್ದದ್ದು ನಾಲ್ಕೇ ವಾಪಿಟಿಗಳು, ಇಂಗ್ಲೆಂಡಿನ ಕ್ರಾನ್‌ವೆಲ್‌ನಲ್ಲಿ ತರಬೇತಿ ಪಡೆದು ಬಂದ ಐವರು ಭಾರತೀಯ ಪೈಲಟ್‌ಗಳು, ಮತ್ತು ಹವಾಯಿ ಸಿಪಾಯಿಗಳೆಂದು ಕರೆಸಿಕೊಳ್ಳುತ್ತಿದ್ದ ಕೆಲವೇ ಮಂದಿ ನೆಲದ ಸಿಬ್ಬಂದಿ. ಆ ಐವರಲ್ಲಿ ಒಬ್ಬರಾದ ಸುಬ್ರತೊ ಮುಖರ್ಜಿ ಮುಂದೆ 1954ರಲ್ಲಿ ವಾಯುಪಡೆಯ ಮುಖ್ಯಸ್ಥರಾದ ಮೊದಲ ಭಾರತೀಯರು. ಇಷ್ಟು ಮುಖ್ಯವಾದ ವಿಮಾನವಾದರೂ ಇದರ ಪುಟ್ಟ ಮಾದರಿಯನ್ನು ಮಾಡಿ ಮನೆಯ ಕಪಾಟಿನಲ್ಲಿಡಬೇಕೆಂದರೆ ಆಟಿಕೆ ಅಂಗಡಿಗೆ ಹೋಗಿ ಡಬ್ಬಿ ಕೊಂಡು ತರುವುದು ಸುಲಭವಲ್ಲ. ದೊಡ್ಡ ಕಂಪನಿಗಳು ಸ್ಪಿಟ್‌ಫೈರ್, ಮಸ್ಟಾಂಗ್‌ಗಳಂಥ ಹೆಸರಾಂತ ಯುದ್ಧವಿಮಾನಗಳನ್ನು ಬಗೆಬಗೆಯಾಗಿ ಮಾಡಿ ಮಾರುತ್ತವೆ. ಎರಡು ಮಹಾಯುದ್ಧಗಳ ನಡುವಿನ ಕಾಲದ ಜೋಡಿ ರೆಕ್ಕೆಯ ವಿಮಾನಗಳಿಗೆ ಅಲ್ಲಿ ಜಾಗ ಕಡಿಮೆ. ಇಂಥ ಕಡೆಗಣಿತ ವಿಮಾನಗಳನ್ನು ಹವ್ಯಾಸಿಗಳು ಬಹುಕಾಲದಿಂದ ಮಾಡಿಕೊಂಡು ಬಂದಿರುವುದು ವ್ಯಾಕ್ಯೂಮ್ ಫಾರ್ಮಿಂಗ್ ಎಂಬ ವಿಧಾನದಿಂದ. ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಹೊದಿಸಿ, ಕೆಳಗಿನ ಗಾಳಿಯನ್ನು ಹೀರಿ ತೆಗೆದು, ಹಾಳೆ ಅಚ್ಚಿನ ಆಕಾರವನ್ನೇ ತಾಳುವಂತೆ ಮಾಡುವುದು ಈ ವಿಧಾನ.

ಈ ಕೆಲಸಕ್ಕೆ ಬೇಕಾದ ಎರಡು ಮುಖ್ಯ ವಸ್ತುಗಳು ಬೆಂಗಳೂರು–ಮೈಸೂರು ರಸ್ತೆಯ ಆಸುಪಾಸಿನಲ್ಲೇ ಸಿಗುತ್ತವೆ ಎಂಬುದನ್ನು ಕನ್ನಡದ ಹವ್ಯಾಸಿಗಳು ಗಮನಿಸಬೇಕು. ಅಚ್ಚಿಗೆ ಚನ್ನಪಟ್ಟಣದ ಆಲೆ ಮರ, ರೆಕ್ಕೆಗಳ ನಡುವಿನ ಬಿಗಿತಂತಿಗೆ ರಾಮನಗರದ ರೇಷ್ಮೆ. ಎರಡೂ ವಿದೇಶಿ ಸಾಮಗ್ರಿಗೆ ಬದಲಿಯಾಗಿ ಒಪ್ಪಿಕೊಳ್ಳುವ ಕೈಗೆಟುಕಿದ ವಸ್ತುಗಳಲ್ಲ. ತಮ್ಮ ಗುಣದಿಂದಲೇ ಈ ಕೆಲಸಕ್ಕೆ ಹೊಂದುವಂಥವು.

ಮೊದಲು ವಿಮಾನದ ಪರಿಚಯ. ಇಂಗ್ಲೆಂಡಿನ ಯೊವಿಲ್ ಊರಿನ ವೆಸ್ಟ್‌ಲ್ಯಾಂಡ್ ಕಂಪನಿ ತಯಾರಿಸಿದ ವಾಪಿಟಿ 1927ರ ಮಾರ್ಚ್‌ನಲ್ಲಿ ಮೊದಲ ಸಲ ಹಾರಿತು. ಮೊದಲ ಮಹಾಯುದ್ಧದ ಕಾಲದ ಡಿಎಚ್-9ಎ ವಿಮಾನಗಳು ಹಳೆಯವಾಗಿದ್ದವು, ಅವುಗಳ ಬಿಡಿಭಾಗಗಳು ಮಾತ್ರ ಉಗ್ರಾಣಗಳಲ್ಲಿ ರಾಶಿ ಬಿದ್ದಿದ್ದವು. ಖರ್ಚು ಉಳಿಸಲು ಆ ಭಾಗಗಳನ್ನು ಆದಷ್ಟೂ ಬಳಸಿಕೊಂಡೇ ಹೊಸ ವಿಮಾನ ಮಾಡಬೇಕೆಂದು ಬ್ರಿಟಿಷ್ ಸರ್ಕಾರ ಬಯಸಿತು. ಹಾಗಾಗಿ ವಾಪಿಟಿಯ ರೆಕ್ಕೆಗಳು ಹಳೆಯ ವಿಮಾನದ ರೆಕ್ಕೆಗಳ ವಂಶದವೇ. ಮೂತಿಯಲ್ಲಿ ಮಾತ್ರ ಹೊಸ ಎಂಜಿನ್: ಒಂಬತ್ತು ಸಿಲಿಂಡರುಗಳು ವೃತ್ತಾಕಾರವಾಗಿ ಜೋಡಣೆಗೊಂಡ, ಗಾಳಿಯಿಂದಲೇ ತಣಿಯುವ ಬ್ರಿಸ್ಟಲ್ ಜುಪಿಟರ್. ಮುಂದೆ ಪೈಲಟ್, ಅವನ ಬೆನ್ನಿಗೆ ಇನ್ನೊಬ್ಬ ಸಿಬ್ಬಂದಿ, ಇಬ್ಬರಿಗೂ ತೆರೆದ ಆಸನ. ಮುಂದಕ್ಕೆ ಗುಂಡು ಹಾರಿಸಲು ಒಂದು ವಿಕರ್ಸ್ ಬಂದೂಕು, ಹಿಂದಿನವನ ಕೈಗೆ ಒಂದು ಲೂಯಿಸ್ ಬಂದೂಕು. ಅತಿ ಹೆಚ್ಚಿನ ವೇಗ ಗಂಟೆಗೆ ಸುಮಾರು 208 ಕಿಲೊಮೀಟರ್. ಇಂದಿನ ಹೆದ್ದಾರಿಯಲ್ಲಿ ಓಡುವ ಕೆಲವು ಕಾರುಗಳು ಮುಟ್ಟಬಲ್ಲ ವೇಗ ಅದು. ಐನೂರಕ್ಕೂ ಹೆಚ್ಚು ವಾಪಿಟಿಗಳು ತಯಾರಾದವು.

ಈ ವಿಮಾನದ ಬದುಕಿನ ದೊಡ್ಡ ಭಾಗ ಕಳೆದದ್ದು ಭಾರತದಲ್ಲಿ, ಅದರಲ್ಲೂ ವಾಯವ್ಯ ಗಡಿಯ ಬೆಟ್ಟಗಳ ಮೇಲೆ. 1928–29ರ ಚಳಿಗಾಲದಲ್ಲಿ ಕಾಬೂಲಿನಲ್ಲಿ ಸಿಕ್ಕಿಬಿದ್ದ ವಿದೇಶಿಯರನ್ನು ವಿಮಾನಗಳಲ್ಲಿ ತೆರವು ಮಾಡಿದಾಗ ವಾಪಿಟಿಗಳೂ ಆ ಕೆಲಸದಲ್ಲಿದ್ದವು. ಭಾರತೀಯ ಸ್ಕ್ವಾಡ್ರನ್ನಿನ ವಾಪಿಟಿಗಳು 1937ರಲ್ಲಿ ಉತ್ತರ ವಜೀರಿಸ್ತಾನದ ಮೀರಾನ್‌ಷಾದಿಂದ ಕಾರ್ಯಾಚರಣೆ ನಡೆಸಿದವು. ಎರಡನೆಯ ಮಹಾಯುದ್ಧ ಶುರುವಾದಾಗಲೂ ಅವು ಪೂರ್ತಿ ನಿವೃತ್ತಿಯಾಗಿರಲಿಲ್ಲ, ಭಾರತದ ಕರಾವಳಿ ಕಾವಲಿಗೆ ಹಾರಿದವು. ವಾಪಿಟಿಯ ಸುಧಾರಿತ ರೂಪವೇ ವಾಲೇಸ್. ಅದರ ಮೊದಲ ಮಾದರಿ ವಿಮಾನ, ವೆಸ್ಟ್‌ಲ್ಯಾಂಡಿನದೇ ಇನ್ನೊಂದು ವಿಮಾನದ ಜೊತೆಗೂಡಿ, 1933ರ ಏಪ್ರಿಲ್ 3ರಂದು ಬಿಹಾರದ ಪೂರ್ಣಿಯಾ ಬಳಿಯಿಂದ ಹಾರಿ ಎವರೆಸ್ಟ್ ಶಿಖರವನ್ನು ದಾಟಿತು. ಎವರೆಸ್ಟ್ ಮೇಲೆ ಮನುಷ್ಯ ವಿಮಾನ ಹಾರಿಸಿದ್ದು ಅದೇ ಮೊದಲು. ಭಾರತದ ಮೊದಲ ಸ್ಕ್ವಾಡ್ರನ್ ಹುಟ್ಟಿ ಅಂದಿಗೆ ಎರಡೇ ದಿನ.

ಮಾದರಿ ಮಾಡಲು ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಪ್ರಮಾಣ. ವಿಮಾನ ಮಾದರಿಗಳಲ್ಲಿ ಹೆಚ್ಚು ರೂಢಿಯಲ್ಲಿರುವುದು 72ರಲ್ಲಿ ಒಂದು. ಅಡಿ–ಅಂಗುಲದ ಲೆಕ್ಕದಲ್ಲಿ ನಿಜ ವಿಮಾನದ ಆರು ಅಡಿ ಮಾದರಿಯಲ್ಲಿ ಒಂದು ಅಂಗುಲ. ಅಂದರೆ ನಿಂತ ಆಳಿನ ಎತ್ತರಕ್ಕೆ ಒಂದು ಅಂಗುಲ. 1930ರ ದಶಕದಲ್ಲಿ ಇಂಗ್ಲೆಂಡಿನ ಮಾದರಿ ತಯಾರಕರು ಈ ಪ್ರಮಾಣವನ್ನು ಬಳಕೆಗೆ ತಂದರು. ಎರಡನೆಯ ಮಹಾಯುದ್ಧದಲ್ಲಿ ಶತ್ರು ವಿಮಾನಗಳನ್ನು ನೋಡಿದೊಡನೆ ಗುರುತಿಸುವ ತರಬೇತಿಗಾಗಿ ಅಮೆರಿಕದ ಶಾಲಾಮಕ್ಕಳು ಮಾಡಿಕೊಟ್ಟ ಮರದ ಮಾದರಿಗಳೂ ಇದೇ ಪ್ರಮಾಣದವು. ವಾಪಿಟಿಯ ರೆಕ್ಕೆಯ ತುದಿಯಿಂದ ತುದಿಗೆ 14.15 ಮೀಟರ್, ಉದ್ದ 9.65 ಮೀಟರ್, ಎತ್ತರ 3.96 ಮೀಟರ್. 72ರಿಂದ ಭಾಗಿಸಿದರೆ ಕ್ರಮವಾಗಿ 19.7, 13.4 ಮತ್ತು 5.5 ಸೆಂಟಿಮೀಟರ್. ಅಂಗೈ ಚಾಚಿ ಹಿಡಿಯಬಹುದಾದಷ್ಟು. ಕಣ್ಣು ಸೂಕ್ಷ್ಮ ಕೆಲಸಕ್ಕೆ ಒಪ್ಪದಿದ್ದರೆ 48ರಲ್ಲಿ ಒಂದು ಪ್ರಮಾಣ ಆರಿಸಿಕೊಳ್ಳಬಹುದು. ಆಗ ರೆಕ್ಕೆಯ ಹರವು 29.5 ಸೆಂಟಿಮೀಟರ್ ಆಗುತ್ತದೆ. ವಾಪಿಟಿ ಹಲವು ಆವೃತ್ತಿಗಳಲ್ಲಿ ಬಂದಿತು, ಕೊನೆಯ ಕೆಲವುಗಳ ಒಡಲು ಉದ್ದ ಹೆಚ್ಚು. ಭಾರತೀಯ ವಾಯುಪಡೆಯದು ಬೇಕೆಂದರೆ ‘ಎರಡು-ಎ’ ಎಂಬ ಆವೃತ್ತಿಯ ನಕ್ಷೆಯನ್ನೇ ಹುಡುಕಿ ಇಟ್ಟುಕೊಳ್ಳಬೇಕು. ನಕ್ಷೆ ತಪ್ಪಿದರೆ ಮುಂದಿನ ಶ್ರಮವೆಲ್ಲ ಬೇರೆ ವಿಮಾನಕ್ಕೆ ಸುರಿದಂತೆ.

ಇನ್ನು ಅಚ್ಚು. ಕಾರ್ಖಾನೆಯ ಪ್ಲಾಸ್ಟಿಕ್ ಕಿಟ್‌ಗಳು ಇಂಜೆಕ್ಷನ್ ಮೋಲ್ಡಿಂಗ್ ವಿಧಾನದವು. ಕರಗಿದ ಪ್ಲಾಸ್ಟಿಕ್ಕನ್ನು ಭಾರಿ ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಗೆ ನುಗ್ಗಿಸುತ್ತಾರೆ. ಆ ಉಕ್ಕಿನ ಅಚ್ಚು ಕೊರೆಯುವುದಕ್ಕೆ ಆಗುವ ಖರ್ಚು ಸಾವಿರಾರು ಡಬ್ಬಿ ಮಾರಾಟವಾದರೆ ಮಾತ್ರ ಗಿಟ್ಟುತ್ತದೆ. ವ್ಯಾಕ್ಯೂಮ್ ಫಾರ್ಮಿಂಗ್‌ನಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲ, ಮೆದುವಾಗುತ್ತದೆ ಅಷ್ಟೆ. ಅದನ್ನು ಅಚ್ಚಿಗೆ ಒತ್ತುವುದು ನಮ್ಮ ಸುತ್ತಲಿನ ವಾತಾವರಣ. ಹಾಗಾಗಿ ಮರ, ಪ್ಲಾಸ್ಟರ್, ರೆಸಿನ್ ಯಾವುದರಿಂದ ಮಾಡಿದರೂ ಅಚ್ಚು ತಾಳುತ್ತದೆ, ಒಂದೇ ಒಂದು ಪ್ರತಿ ತೆಗೆದರೂ ನಷ್ಟವಿಲ್ಲ. ಔಷಧಿ ಅಂಗಡಿಯ ಮಾತ್ರೆ ಪಟ್ಟಿಯ ಗುಳಿಗಳು, ಚಾಕೊಲೇಟ್ ಪೆಟ್ಟಿಗೆಯೊಳಗಿನ ತಟ್ಟೆಗಳು ಇದೇ ಬಗೆಯ ತಯಾರಿಕೆಯ ಮಾಲು.

ಮರದಲ್ಲಿ ಅಚ್ಚು ಮಾಡುವವರ ದೊಡ್ಡ ತಲೆನೋವು ಮರದ ಎಳೆ. ಸಾಗುವಾನಿಯಂಥ ಮರದ ಗೆರೆಗಳು ಬಿಸಿ ಹಾಳೆಯ ಮೇಲೆ ಮುದ್ರೆಯಾಗಿ ಮೂಡುತ್ತವೆ. ಆಲೆ ಮರಕ್ಕೆ ಈ ತೊಂದರೆ ಬಹಳ ಕಡಿಮೆ. ಅದು ಒತ್ತಾದ, ನಯವಾದ ಎಳೆಯ ಮರ. ಬಣ್ಣ ದಂತದಂತೆ ಬಿಳಿ. ಉಳಿಗೆ ಸುಲಭವಾಗಿ ಬಗ್ಗುತ್ತದೆ, ಆದರೆ ಅಂಚು ಉದುರುವುದಿಲ್ಲ. ಚನ್ನಪಟ್ಟಣದ ಬೊಂಬೆ ಕೆಲಸಗಾರರು ಇಷ್ಟು ಕಾಲ ಇದನ್ನೇ ಹಿಡಿದುಕೊಂಡು ಬಂದಿರುವುದು ಇದೇ ಕಾರಣಕ್ಕೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ಕಸುಬು ಇಲ್ಲಿಗೆ ಬಂತೆಂದು ರೂಢಿಯ ಮಾತು. ಜಪಾನಿನ ಅರಗಿನ ಕೆಲಸದ ತಿಳಿವನ್ನು ಇದಕ್ಕೆ ಬೆರೆಸಿದವರು ಬಾವಾಸ್ ಮಿಯಾ ಎಂದು ಚನ್ನಪಟ್ಟಣ ನೆನೆಯುತ್ತದೆ. ಇಲ್ಲಿನ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಹಸಿ ಮರವನ್ನು ತಿಂಗಳುಗಟ್ಟಲೆ ಒಣಗಿಸಿಯೇ ಲೇತಿಗೆ ಕೊಡುವುದು ಅಲ್ಲಿನ ಪದ್ಧತಿ. ಅಚ್ಚಿನ ಕೆಲಸಕ್ಕೂ ಈ ಒಣಗಿಸುವಿಕೆ ತಪ್ಪಿಸುವಂತಿಲ್ಲ. ತೇವ ಉಳಿದ ಮರಕ್ಕೆ ನೂರು ಡಿಗ್ರಿ ಮೀರಿದ ಹಾಳೆ ತಗಲಿದರೆ ಒಳಗಿನ ನೀರು ಆವಿಯಾಗಿ ಹಾಳೆಯ ಮೇಲೆ ಗುಳ್ಳೆ ಏಳುತ್ತದೆ, ಅಚ್ಚೂ ಸೀಳು ಬಿಡುತ್ತದೆ.

ವಾಪಿಟಿಯಲ್ಲಿ ದುಂಡಗಿನ ಭಾಗಗಳು ಕೆಲವಿವೆ. ಎಂಜಿನ್ನಿನ ಮಧ್ಯದ ಕೋಶ, ಚಕ್ರಗಳು, ಪ್ರೊಪೆಲ್ಲರಿನ ಗುಬ್ಬಿ. ಅಳತೆ ಬರೆದುಕೊಟ್ಟರೆ ಇವನ್ನು ಕಡೆದು ಕೊಡುವುದು ಮರದ ಮಣಿ, ಬುಗುರಿ, ಆಟದ ಗಾಲಿ ಕಡೆಯುವ ಕೈಗೆ ಹೊಸ ವಿದ್ಯೆಯಲ್ಲ. ಚಕ್ರಗಳನ್ನಂತೂ ಪ್ಲಾಸ್ಟಿಕ್ಕಿನಲ್ಲಿ ಎಳೆಯುವ ಅಗತ್ಯವೇ ಇಲ್ಲ. ಲೇತಿನ ಮೇಲೆ ಕಡೆದು, ತಿರುಗುತ್ತಿರುವಾಗಲೇ ಕಪ್ಪು ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಟೈರಿಗೆ ಬೇಕಾದ ಬಣ್ಣ ಅಲ್ಲೇ ಸಿದ್ಧ. ಒಡಲಿನ ಮುಖ್ಯ ಭಾಗ ದುಂಡಗಿಲ್ಲ. ಅದರ ಪಕ್ಕಗಳು ಚಪ್ಪಟೆ, ಬೆನ್ನು ಮಾತ್ರ ಬಾಗು. ಅದನ್ನು ಲೇತಿನಿಂದ ಕಡೆಯಲಾಗದು, ಉಳಿ, ಅರ, ಸ್ಯಾಂಡ್ ಪೇಪರುಗಳಿಂದ ಕೈಯಲ್ಲೇ ಕೆತ್ತಬೇಕು. ಕೆತ್ತುವ ಕ್ರಮ ಹೀಗೆ: ಎರಡು ತುಂಡು ಮರದ ನಡುವೆ ದಪ್ಪ ಕಾಗದ ಇಟ್ಟು ಫೆವಿಕಾಲ್‌ನಿಂದ ಅಂಟಿಸಿ, ಇಡೀ ಒಡಲನ್ನು ಒಂದೇ ತುಂಡಾಗಿ ಕೆತ್ತಿ, ಕೊನೆಗೆ ಕಾಗದದ ಸಾಲಿನಲ್ಲಿ ಚಾಕು ತೂರಿಸಿ ಎರಡು ಹೋಳು ಮಾಡುವುದು. ಎಡ–ಬಲ ಹೋಳುಗಳು ಒಂದಕ್ಕೊಂದು ತಪ್ಪದೆ ಹೊಂದುತ್ತವೆ.

ಅಚ್ಚಿನ ವಿಷಯದಲ್ಲಿ ಮೂರು ಎಚ್ಚರಿಕೆಗಳನ್ನು ಬಿಡುವಂತಿಲ್ಲ. ಮೊದಲನೆಯದು ದಪ್ಪದ ಲೆಕ್ಕ. ಹಾಳೆ ಅಚ್ಚಿನ ಮೇಲೆ ಹೊದ್ದುಕೊಳ್ಳುವುದರಿಂದ ಹೊರಗಿನ ಅಳತೆ ಹಾಳೆಯ ದಪ್ಪದಷ್ಟು ಹೆಚ್ಚುತ್ತದೆ. ಒಂದು ಮಿಲಿಮೀಟರ್ ಹಾಳೆ ಹಿಗ್ಗಿ ಮುಕ್ಕಾಲು ಮಿಲಿಮೀಟರಿನಷ್ಟಾಗುವುದೆಂದು ಇಟ್ಟುಕೊಂಡರೆ ಅಚ್ಚನ್ನು ಎಲ್ಲ ಬದಿಯಲ್ಲೂ ಅಷ್ಟು ಕಿರಿದು ಮಾಡಬೇಕು. 72ರಲ್ಲಿ ಒಂದು ಪ್ರಮಾಣದಲ್ಲಿ ಮುಕ್ಕಾಲು ಮಿಲಿಮೀಟರ್ ಎಂದರೆ ನಿಜ ವಿಮಾನದಲ್ಲಿ ಐದೂವರೆ ಸೆಂಟಿಮೀಟರಿನ ತಪ್ಪು. ಎರಡನೆಯದು, ಅಚ್ಚಿನ ಪಕ್ಕಗಳು ಬುಡಕ್ಕಿಂತ ಮೇಲೆ ಅಗಲವಾಗಬಾರದು. ಹಾಗಾದರೆ ಹಾಳೆ ಅಚ್ಚನ್ನು ಕಚ್ಚಿಕೊಂಡು ಬಿಡಿಸಲು ಬಾರದು. ಬುಡದಿಂದ ಮೇಲಕ್ಕೆ ಮೂರು–ನಾಲ್ಕು ಡಿಗ್ರಿ ಒಳವಾಲಿದ್ದರೆ ಸಲೀಸು. ಜೊತೆಗೆ ಪ್ರತಿ ಅಚ್ಚಿನ ಕೆಳಗೆ ಅದೇ ಆಕಾರದ ನಾಲ್ಕೈದು ಮಿಲಿಮೀಟರ್ ಎತ್ತರದ ಪೀಠ ಕೊಡಬೇಕು. ಅಚ್ಚು ಹಲಗೆಗೆ ಕೂಡುವ ಮೂಲೆಯಲ್ಲಿ ಹಾಳೆ ಚೂಪಾಗಿ ಮಡಿಯುವುದಿಲ್ಲ, ಬಾಗಿ ಹರಡುತ್ತದೆ. ಪೀಠ ಇದ್ದರೆ ಆ ಬಾಗು ಬೇಕಾದ ಭಾಗದ ಹೊರಗೆ ಉಳಿಯುತ್ತದೆ.

ಮೂರನೆಯದು ಚನ್ನಪಟ್ಟಣದ ಮರ ಬಳಸುವವರಿಗೇ ವಿಶೇಷವಾಗಿ ಹೇಳಬೇಕಾದದ್ದು. ಅಚ್ಚಿಗೆ ಯಾವ ಕಾರಣಕ್ಕೂ ಅರಗು ಹಿಡಿಸಬಾರದು. ಅರಗು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಅಚ್ಚಿಗೆ ಬಂದು ತಗಲುವ ಹಾಳೆಯ ಬಿಸಿ ಅದರ ಎರಡರಷ್ಟಿರುತ್ತದೆ. ಬೊಂಬೆಗೆ ಅಂದ ಕೊಡುವ ಆ ಹೊಳಪೇ ಇಲ್ಲಿ ಅಂಟಾಗಿ ಹಾಳೆಯನ್ನೂ ಅಚ್ಚನ್ನೂ ಬೆಸೆದುಬಿಡುತ್ತದೆ. ಬರಿ ಮರವನ್ನು ಅತಿ ನಯವಾದ ಸ್ಯಾಂಡ್ ಪೇಪರಿನಿಂದ ಉಜ್ಜಿ, ಮೈಗೆ ಹಾಕುವ ಟಾಲ್ಕಂ ಪೌಡರನ್ನು ಬಟ್ಟೆಯಿಂದ ತೆಳುವಾಗಿ ಸವರಿದರೆ ಸಾಕು, ಹಾಳೆ ಸಲೀಸಾಗಿ ಬಿಡುತ್ತದೆ.

ಹಾಳೆಗೆ ಹೈ ಇಂಪ್ಯಾಕ್ಟ್ ಪಾಲಿಸ್ಟೈರೀನ್ ಬೇಕು. ಪ್ಯಾಕಿಂಗ್ ಟ್ರೇ ಮಾಡುವವರು ಬಳಸುವ ಬಿಳಿ ಹಾಳೆ ಇದು. ಒಡಲಿಗೆ ಒಂದು ಮಿಲಿಮೀಟರ್, ರೆಕ್ಕೆಗೆ ಮುಕ್ಕಾಲು ಮಿಲಿಮೀಟರ್ ದಪ್ಪ ಸಾಕು. ನೋಡಲು ಒಂದೇ ತರ ಇರುವ ಪಿವಿಸಿ ಹಾಳೆಯನ್ನು ಮನೆಯಲ್ಲಿ ಬಿಸಿ ಮಾಡಬಾರದು. ಹೆಚ್ಚು ಕಾದರೆ ಅದರಿಂದ ಬರುವ ಆಮ್ಲದ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು.

ಹಾಳೆ ಎಳೆಯುವ ಪೆಟ್ಟಿಗೆಯನ್ನು ಪ್ಲೈವುಡ್ಡಿನಲ್ಲಿ ಒಂದು ಮಧ್ಯಾಹ್ನ ಕೂತು ಮಾಡಬಹುದು. ನಾಲ್ಕು ಬದಿ ಮುಚ್ಚಿದ ಪೆಟ್ಟಿಗೆ, ಮೇಲಿನ ಹಲಗೆಗೆ ಒಂದೊಂದು ಸೆಂಟಿಮೀಟರಿಗೆ ಒಂದರಂತೆ ಸಣ್ಣ ತೂತು, ಪಕ್ಕದಲ್ಲಿ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಕೂರುವಷ್ಟು ದೊಡ್ಡ ತೂತು. ಕೊಳವೆಯ ಸುತ್ತ, ಪೆಟ್ಟಿಗೆಯ ಕೂಡುಗೆರೆಗಳಲ್ಲಿ ಗಾಳಿ ಸೋರದಂತೆ ಟೇಪ್ ಸುತ್ತಬೇಕು. ಹಾಳೆ ಹಿಡಿಯಲು ಎರಡು ಚೌಕಟ್ಟು, ಅವನ್ನು ಬಿಗಿಯಲು ಕಚೇರಿಯ ಕಾಗದ ಹಿಡಿಸುವ ಕ್ಲಿಪ್ಪುಗಳು. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ. ಮನೆಯ ವ್ಯಾಕ್ಯೂಮ್ ಕ್ಲೀನರ್ ಪೂರ್ಣ ನಿರ್ವಾತ ಉಂಟುಮಾಡಲಾರದು, ಹೆಚ್ಚೆಂದರೆ ಅದರ ಐದನೆಯ ಒಂದು ಭಾಗ. ಆದರೂ 20 ಸೆಂಟಿಮೀಟರ್ ಉದ್ದ 15 ಸೆಂಟಿಮೀಟರ್ ಅಗಲದ ಹಾಳೆಯ ಮೇಲೆ ಅದು ಅರವತ್ತು ಕಿಲೋಗ್ರಾಂ ಭಾರ ಹೇರಿದಂತೆ. ಒಬ್ಬ ಮನುಷ್ಯ ಹಾಳೆಯ ಮೇಲೆ ನಿಂತಷ್ಟು. ಇಷ್ಟು ಪುಟ್ಟ ವಿಮಾನದ ಅಚ್ಚಿಗೆ ಅದು ಧಾರಾಳ.

ಹಾಳೆ ಕಾಯಿಸುವಾಗ ಕಣ್ಣು ಅದರ ಮೇಲೇ ಇರಬೇಕು. ಓವನ್ನಿನ ಬಿಸಿಗೆ ಹಾಳೆ ಮೊದಲು ಅಲೆ ಅಲೆಯಾಗಿ ಸುಕ್ಕುತ್ತದೆ. ಅವಸರಪಟ್ಟು ಆಗಲೇ ತೆಗೆದರೆ ಸುಕ್ಕು ಅಚ್ಚಿನ ಮೇಲೆ ಹಾಗೇ ಉಳಿಯುತ್ತದೆ. ಸ್ವಲ್ಪ ಹೊತ್ತಿಗೆ ಆ ಅಲೆಗಳು ತಾವಾಗಿಯೇ ಮಾಯವಾಗಿ ಹಾಳೆ ಬಿಗಿಯುತ್ತದೆ. ಅದಾದ ಮೇಲೆ ನಡುವಿನಲ್ಲಿ ನಿಧಾನವಾಗಿ ಕೆಳಗೆ ಜಗ್ಗತೊಡಗುತ್ತದೆ. ಒಂದು–ಎರಡು ಸೆಂಟಿಮೀಟರ್ ಜಗ್ಗಿದಾಗ ಹೊತ್ತು ಸರಿ. ವ್ಯಾಕ್ಯೂಮ್ ಕ್ಲೀನರ್ ಮೊದಲೇ ಓಡುತ್ತಿರಬೇಕು. ಚೌಕಟ್ಟನ್ನು ಹೊರತೆಗೆದು ಅಚ್ಚಿನ ಮೇಲೆ ನೆಟ್ಟಗೆ ಒತ್ತಿದ ಕೂಡಲೇ ಹಾಳೆ ಸರ್ರನೆ ಇಳಿದು ಅಚ್ಚಿಗೆ ಅಂಟುತ್ತದೆ. ಕೆಲವೇ ಸೆಕೆಂಡುಗಳ ಕೆಲಸ. ತಡವಾದರೆ ಹಾಳೆ ಗಟ್ಟಿಯಾಗಿ ಮೂಲೆಗಳು ತುಂಬುವುದಿಲ್ಲ. ಕೆಟ್ಟ ಪ್ರತಿಗಳು ಒಂದೆರಡು ಬಂದೇ ಬರುತ್ತವೆ. ಹಾಳೆ ಅಗ್ಗ, ಅಚ್ಚು ಹಾಗೇ ಉಳಿದಿರುತ್ತದೆ, ಮತ್ತೆ ಎಳೆದರಾಯಿತು. ಕೈಗೆ ದಪ್ಪ ಗವಸು ಬೇಕು, ಕೋಣೆಯ ಕಿಟಕಿ ತೆರೆದಿರಬೇಕು. ಪ್ಲಾಸ್ಟಿಕ್ ಕಾಯಿಸಿದ ಓವನ್ನನ್ನು ಮತ್ತೆ ಅಡುಗೆಗೆ ಬಳಸಬಾರದು.

ಹಾಳೆಯಿಂದ ಭಾಗಗಳನ್ನು ಬಿಡಿಸುವ ಹಂತವೇ ಈ ವಿಧಾನದ ನಿಜವಾದ ಕಸುಬು. ಅಂಗಡಿಯ ಕಿಟ್ ಕಟ್ಟಿ ರೂಢಿಯಿದ್ದವರೂ ಇಲ್ಲಿ ಎಡವುತ್ತಾರೆ. ಭಾಗ ಹಾಳೆಗೆ ಕೂಡುವ ಗೆರೆಯುದ್ದಕ್ಕೂ ಮೊದಲು ಸಣ್ಣ ಮೊನೆಯ ಕಪ್ಪು ಮಾರ್ಕರಿನಿಂದ ಗೀಟು ಎಳೆಯಬೇಕು. ಆಮೇಲೆ ಹರಿತವಾದ ಚಾಕುವನ್ನು ಹೊರಕ್ಕೆ ಓರೆಯಾಗಿ ಹಿಡಿದು, ಗೀಟಿನ ಪಕ್ಕದಲ್ಲಿ ಎರಡು ಮೂರು ಸಲ ಹಗುರವಾಗಿ ಗೀರಬೇಕು. ಪೂರ್ತಿ ಕತ್ತರಿಸುವ ಅಗತ್ಯವಿಲ್ಲ. ಹಾಳೆಯನ್ನು ಆಚೆ ಈಚೆ ಬಾಗಿಸಿದರೆ ಗೀರಿದ ಕಡೆ ಟಕ್ಕೆಂದು ಮುರಿದು ಭಾಗ ಕೈಗೆ ಬರುತ್ತದೆ. ಅದರ ಅಂಚಿಗೆ ಹಾಳೆಯ ದಪ್ಪದ ಅನಗತ್ಯ ತುಟಿ ಉಳಿದಿರುತ್ತದೆ. ಪೇಂಟ್ ಅಂಗಡಿಯ ವಾಟರ್ ಪೇಪರನ್ನು ಗಾಜಿನ ಮೇಲೆ ಚಪ್ಪಟೆಯಾಗಿ ಅಂಟಿಸಿ, ನೀರು ಚಿಮುಕಿಸಿ, ಭಾಗವನ್ನು ಅದರ ಮೇಲೆ ಸುತ್ತು ಸುತ್ತಾಗಿ ಉಜ್ಜಬೇಕು. ಎಷ್ಟು ಉಜ್ಜಬೇಕೆಂದು ಹೇಳುವುದು ಆ ಕಪ್ಪು ಗೀಟೇ. ತುಟಿ ಸವೆಯುತ್ತಾ ಕೊನೆಗೆ ಕೂದಲೆಳೆಯಷ್ಟು ತೆಳುವಾದ ಬಿಳಿ ಅಂಚು ಮುರಿದು ಉದುರುತ್ತದೆ, ಕಪ್ಪು ಗೀಟು ಭಾಗದ ಅಂಚಿನಲ್ಲಿ ಬರಿಗಣ್ಣಿಗೆ ಕಂಡೂ ಕಾಣದಂತೆ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೆರಡು ಸುತ್ತು ಹೆಚ್ಚು ಉಜ್ಜಿದರೆ ಒಡಲು ಕಿರಿದಾಗುತ್ತದೆ, ಕಡಿಮೆ ಉಜ್ಜಿದರೆ ಉಬ್ಬುತ್ತದೆ. ಬೆರಳಿಗೆ ಜಾರದಂತೆ ಭಾಗದ ಬೆನ್ನಿಗೆ ಟೇಪನ್ನು ಮಡಿಸಿ ಹಿಡಿಕೆಯಾಗಿ ಅಂಟಿಸಿಕೊಳ್ಳುವುದು ಒಳ್ಳೆಯದು.

ರೆಕ್ಕೆಗಳು ಮೇಲ್ಪದರ, ಕೆಳಪದರ ಎಂದು ಎರಡು ಸಿಪ್ಪೆಗಳಾಗಿ ಬರುತ್ತವೆ. ನಿಜ ವಿಮಾನದ ರೆಕ್ಕೆಯ ಹಿಂಬದಿಯ ಅಂಚು ಬಹಳ ತೆಳುವು. ಎರಡು ಸಿಪ್ಪೆ ಹಾಗೇ ಕೂಡಿಸಿದರೆ ಅಂಚು ಹಲಗೆಯಂತೆ ದಪ್ಪ ಕಾಣುತ್ತದೆ. ಹಿಂಬದಿಯ ಒಳಮೈಯನ್ನು ಬೆಳಕು ತೂರಿ ಕಾಣುವಷ್ಟು ತೆಳುವಾಗಿ ಉಜ್ಜಿದ ಮೇಲೇ ಅಂಟಿಸಬೇಕು. ಒಳಗೆ ಉದ್ದಕ್ಕೂ ಒಂದು ಹಿತ್ತಾಳೆ ತಂತಿ ಕೂರಿಸಿದರೆ ಮುಂದೆ ಬಿಗಿತಂತಿ ಎಳೆದಾಗ ರೆಕ್ಕೆ ಬಾಗುವುದಿಲ್ಲ. ಈ ಕಾಲದ ರೆಕ್ಕೆಗಳಿಗೆ ಬಟ್ಟೆಯ ಹೊದಿಕೆ. ಒಳಗಿನ ಪಕ್ಕೆಲುಬುಗಳು ಹೊರಗೆ ಸಣ್ಣ ಗೆರೆಯಾಗಿ ಕಾಣುತ್ತವೆ. ಅನೇಕ ಮಾದರಿಕಾರರು ಇದನ್ನು ಅತಿ ಮಾಡಿ, ಪಕ್ಕೆಲುಬುಗಳ ನಡುವೆ ಬಟ್ಟೆ ಹಳ್ಳ ಬಿದ್ದಂತೆ ತೋರಿಸುತ್ತಾರೆ. ಅದು ತಪ್ಪು. ಡೋಪ್ ಎಂಬ ದ್ರಾವಣ ಬಳಿದ ಬಟ್ಟೆ ತಮಟೆಯ ಚರ್ಮದಂತೆ ಬಿಗಿಯಾಗಿರುತ್ತಿತ್ತು. 72ರಲ್ಲಿ ಒಂದು ಅಳತೆಗೆ ಬಣ್ಣದ ಒಂದು ತೆಳು ಗೆರೆಯೇ ಸಾಕು.

ಒಡಲಿನ ಎರಡು ಹೋಳುಗಳನ್ನು ಕೂಡಿಸುವ ಮೊದಲು ಒಳಗಿನ ಕೆಲಸ ಮುಗಿಯಬೇಕು: ಪೈಲಟ್ ಆಸನ, ನೆಲಹಲಗೆ, ಹಿಂದಿನವನ ಬಂದೂಕಿನ ಸುತ್ತುಬಳೆ. ಅಂಚುಗಳು ತೆಳುವಾದ್ದರಿಂದ ಒಂದರ ಮೇಲೊಂದು ನಿಲ್ಲುವುದಿಲ್ಲ. ಒಂದು ಹೋಳಿನ ಒಳ ಅಂಚಿಗೆ ಅಲ್ಲಲ್ಲಿ ಪ್ಲಾಸ್ಟಿಕ್ಕಿನ ಚಿಕ್ಕ ನಾಲಿಗೆಗಳನ್ನು ಅಂಟಿಸಿದರೆ ಇನ್ನೊಂದು ಹೋಳು ಅವುಗಳ ಮೇಲೆ ಸರಿಯಾಗಿ ಕೂರುತ್ತದೆ. ನಡುವೆ ಎರಡು ಮೂರು ಅಡ್ಡಗೋಡೆ ಕೊಟ್ಟರೆ ಒಡಲು ಒತ್ತಿದರೂ ಅಮುಕುವುದಿಲ್ಲ. ಪಾಲಿಸ್ಟೈರೀನಿಗೆ ಅದನ್ನೇ ಕರಗಿಸಿ ಬೆಸೆಯುವ ತೆಳು ದ್ರಾವಕ ಅಂಟು ಸರಿ, ಲೋಹಕ್ಕೆ ಮತ್ತು ಮರಕ್ಕೆ ಸೂಪರ್ ಗ್ಲೂ.

ವಾಪಿಟಿಯ ಎಂಜಿನ್ನಿಗೆ ಮುಸುಕಿಲ್ಲ. ಒಂಬತ್ತು ಸಿಲಿಂಡರುಗಳೂ ಬಯಲಿಗೆ ಕಾಣುತ್ತವೆ, ಮಾದರಿಯ ಅಂದ ನಿಲ್ಲುವುದು ಅಲ್ಲೇ. ಈ ಪ್ರಮಾಣದಲ್ಲಿ ಇಡೀ ಎಂಜಿನ್ನಿನ ಅಡ್ಡಳತೆ ಎರಡು ಸೆಂಟಿಮೀಟರಿಗಿಂತ ಕಡಿಮೆ. ವ್ಯಾಕ್ಯೂಮ್ ವಿಧಾನ ಇಂಥ ಸೂಕ್ಷ್ಮಕ್ಕೆ ಒಗ್ಗುವುದಿಲ್ಲ. ತೆಳುವಾದ ಪ್ಲಾಸ್ಟಿಕ್ ಕಡ್ಡಿಗೆ ತಾಮ್ರದ ಸೂಕ್ಷ್ಮ ತಂತಿಯನ್ನು ಒತ್ತೊತ್ತಾಗಿ ಸುತ್ತಿದರೆ ಸಿಲಿಂಡರಿನ ತಣಿಸುವ ಬಳೆಗಳು ಮೂಡುತ್ತವೆ. ಹಳೆಯ ಮೋಟಾರಿನ ಸುರುಳಿಯೊಳಗೆ ಈ ತಂತಿ ಬೇಕಾದಷ್ಟು ಸಿಗುತ್ತದೆ. ಅಂಥ ಒಂಬತ್ತು ಕಡ್ಡಿಗಳನ್ನು ಸಮನಾಗಿ ಕತ್ತರಿಸಿ, ಆಲೆ ಮರದ ಕೋಶದ ಸುತ್ತ 40 ಡಿಗ್ರಿಗೆ ಒಂದರಂತೆ ನೆಡಬೇಕು.

ಎರಡು ರೆಕ್ಕೆಗಳನ್ನು ಹಿಡಿದು ನಿಲ್ಲಿಸುವ ಆನಿಕೆ ಕಡ್ಡಿಗಳಿಗೆ ಬಿದಿರಿನ ಸೀಳಿಗಿಂತ ಒಳ್ಳೆಯ ವಸ್ತು ಕಡಿಮೆ. ಊದಿನಕಡ್ಡಿಯ ಬಿದಿರನ್ನೇ ಚಾಕುವಿನಿಂದ ಒತ್ತಿ ಸವರಿ, ಮುಂದೆ ದುಂಡು ಹಿಂದೆ ಚೂಪು ಬರುವಂತೆ ಉಜ್ಜಿದರೆ ಅದು ಪ್ಲಾಸ್ಟಿಕ್ ಕಡ್ಡಿಯಂತೆ ಬಾಗುವುದಿಲ್ಲ. ವಾಪಿಟಿಯಲ್ಲಿ ಒಂದೊಂದು ಬದಿಗೆ ಎರಡು ಜೊತೆ ಆನಿಕೆಗಳು, ನಡುವೆ ಒಡಲಿನಿಂದ ಮೇಲಿನ ರೆಕ್ಕೆಗೆ ಇನ್ನಷ್ಟು. ಎಲ್ಲದರ ಉದ್ದ ಒಂದೇ ಸಮ ಇರದಿದ್ದರೆ ರೆಕ್ಕೆ ಸೊಟ್ಟ. ಆನಿಕೆ ನಿಲ್ಲಿಸುವಾಗ ರೆಕ್ಕೆಗಳ ನಡುವಿನ ಅಂತರದಷ್ಟೇ ಎತ್ತರದ ರಟ್ಟಿನ ತುಂಡುಗಳನ್ನು ಇಟ್ಟು ಅಂಟು ಗಟ್ಟಿಯಾಗುವ ತನಕ ಮುಟ್ಟದೆ ಬಿಡಬೇಕು. ಬಿಗಿತಂತಿಗೆ ಬೇಕಾದ ತೂತುಗಳನ್ನು ಜೋಡಿಸುವುದಕ್ಕೂ ಮೊದಲೇ ಕೈ ಡ್ರಿಲ್ಲಿನಿಂದ ಕೊರೆದಿಟ್ಟುಕೊಳ್ಳಬೇಕು. ಜೋಡಿಸಿದ ಮೇಲೆ ಆ ಸಂದಿಗೆ ಡ್ರಿಲ್ ಹೋಗುವುದಿಲ್ಲ.

ಬಣ್ಣ ಬಳಿಯುವ ಹೊತ್ತು ಬಿಗಿತಂತಿಗೆ ಮೊದಲು. ಭಾರತದಲ್ಲಿದ್ದ ವಾಪಿಟಿಗಳಿಗೆ ಮೈತುಂಬ ಬೆಳ್ಳಿಯ ಬಣ್ಣ, ಅಲ್ಯೂಮಿನಿಯಂ ಪುಡಿ ಬೆರೆಸಿದ ಡೋಪ್. ಸೂರ್ಯನ ಕಿರಣ ಬಟ್ಟೆಯನ್ನು ತಿನ್ನದಂತೆ ಅದು ಕಾಯುತ್ತಿತ್ತು. ಬೆಳ್ಳಿ ಬಣ್ಣ ಒಂದು ಗೀರನ್ನೂ ಮುಚ್ಚಿಡುವುದಿಲ್ಲ, ಇದ್ದುದನ್ನು ಎತ್ತಿ ತೋರಿಸುತ್ತದೆ. ಆದ್ದರಿಂದ ಮೊದಲು ಬೂದು ಪ್ರೈಮರ್ ಹೊಡೆದು, ಕಂಡ ಗೀರುಗಳಿಗೆ ಪುಟ್ಟಿ ತುಂಬಿ ಉಜ್ಜಿ, ಮತ್ತೊಮ್ಮೆ ಪ್ರೈಮರ್ ಹೊಡೆದ ಮೇಲೇ ಬೆಳ್ಳಿಗೆ ಕೈ ಹಾಕಬೇಕು. ಅಂದಿನ ಭಾರತೀಯ ವಾಯುಪಡೆಗೆ ಸ್ವಂತ ಲಾಂಛನ ಇರಲಿಲ್ಲ. ಬ್ರಿಟಿಷ್ ವಾಯುಪಡೆಯದೇ ಕೆಂಪು, ಬಿಳಿ, ನೀಲಿಯ ಚಕ್ರ. ಚುಕ್ಕಾಣಿಯ ಮೇಲೂ ಅದೇ ಮೂರು ಬಣ್ಣದ ನೀಟ ಪಟ್ಟೆಗಳು. ಈ ಪಟ್ಟೆಗಳ ಅನುಕ್ರಮ 1930ರಲ್ಲಿ ಅದಲುಬದಲಾಯಿತು, 1934ರಲ್ಲಿ ಪಟ್ಟೆ ಬಳಿಯುವ ಪದ್ಧತಿಯನ್ನೇ ಕೈಬಿಡಲಾಯಿತು. ಯಾವ ವರ್ಷದ ವಿಮಾನ ಎಂದು ಮೊದಲೇ ನಿರ್ಧರಿಸದೆ ಬಣ್ಣಕ್ಕೆ ಇಳಿದರೆ 1937ರ ಮೀರಾನ್‌ಷಾದ ವಿಮಾನಕ್ಕೆ 1933ರ ಬಾಲ ಬರುತ್ತದೆ.

ಕೊನೆಯದು ಬಿಗಿತಂತಿ. ಜೋಡಿ ರೆಕ್ಕೆಯ ವಿಮಾನದ ಬಲವೆಲ್ಲ ಅಡಗಿರುವುದು ರೆಕ್ಕೆಗಳ ನಡುವೆ ಕತ್ತರಿಯಾಕಾರವಾಗಿ ಎಳೆದ ಉಕ್ಕಿನ ತಂತಿಗಳಲ್ಲಿ. ಮಾದರಿಕಾರರು ಮೀನು ಹಿಡಿಯುವ ನೈಲಾನ್ ದಾರ, ಕಾಯಿಸಿ ಎಳೆದ ಪ್ಲಾಸ್ಟಿಕ್ ಎಳೆ, ಹೊಲಿಗೆ ದಾರಗಳನ್ನು ಬಳಸುತ್ತಾರೆ. ನೈಲಾನ್ ದಪ್ಪ ಕಾಣುತ್ತದೆ, ಹೊಲಿಗೆ ದಾರಕ್ಕೆ ತುಪ್ಪುಳು. ಮಾಗಡಿ, ಕನಕಪುರ, ಚನ್ನಪಟ್ಟಣದ ಬೆಳೆಗಾರರು ಗೂಡು ಹೊತ್ತು ತರುವ ರಾಮನಗರದ ರೇಷ್ಮೆ ಮಾರುಕಟ್ಟೆಯ ಸುತ್ತ ಬಿಚ್ಚಣಿಕೆ ಮಾಡುವವರು ತೆಗೆಯುವ ಕಚ್ಚಾ ರೇಷ್ಮೆ ಈ ಎರಡು ದೋಷಗಳಿಂದಲೂ ದೂರ. ಹಲವು ಗೂಡುಗಳ ಎಳೆಗಳು ತಮ್ಮದೇ ಅಂಟಿನಿಂದ ಒಂದಾಗಿ ಕೂಡಿರುವುದರಿಂದ ಅದರ ಮೈ ನುಣುಪು. ರೂಢಿಯ 20/22 ಡೆನಿಯರ್ ನೂಲಿನ ದಪ್ಪ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ. 72ರಿಂದ ಗುಣಿಸಿದರೆ ಮೂರೂವರೆ ಮಿಲಿಮೀಟರಿಗೆ ಸ್ವಲ್ಪ ಹೆಚ್ಚು, ಚುಕ್ಕಾಣಿಗೆ ಹೋಗುವ ನಿಯಂತ್ರಣ ತಂತಿಗೆ ಹೇಳಿ ಮಾಡಿಸಿದ ಅಳತೆ. ಎರಡೆಳೆ ಹುರಿ ಮಾಡಿದರೆ ರೆಕ್ಕೆಯ ಬಿಗಿತಂತಿಗೆ ಒಪ್ಪುತ್ತದೆ. ನೂಲಿನ ಅಂಟನ್ನು ಸೋಪಿನ ನೀರಿನಲ್ಲಿ ತೆಗೆದರೆ ಎಳೆಗಳು ಬಿಡಿಬಿಡಿಯಾಗಿ ಹರಡುತ್ತವೆ, ಆದ್ದರಿಂದ ತೊಳೆಯದ ನೂಲೇ ಬೇಕು. ರೇಷ್ಮೆ ಗಾಳಿಯ ತೇವವನ್ನು ಹೀರಿ ಸಡಿಲವಾಗುವ ಗುಣದ್ದು. ಮಳೆಗಾಲದಲ್ಲಿ ಜೋಲದಿರಲು ಬಿಗಿಯಾಗಿ ಎಳೆದು ಕಟ್ಟಿದ ಮೇಲೆ ತೆಳುವಾದ ವಾರ್ನಿಷ್ ಸವರಿ, ಮೇಲೆ ಉಕ್ಕಿನ ಬೂದು ಬಣ್ಣ ಕೊಡಬೇಕು. ನಡುವಿನ ತಂತಿಗಳನ್ನು ಮೊದಲು ಕಟ್ಟಿ, ರೆಕ್ಕೆಯ ತುದಿಯ ಕಡೆಗೆ ಸಾಗಬೇಕು. ಎಡಕ್ಕೆ ಒಂದು ಕಟ್ಟಿದರೆ ಬಲಕ್ಕೆ ಅದರ ಜೋಡಿ. ಒಂದೇ ಬದಿಯನ್ನು ಮುಗಿಸಿದರೆ ರೆಕ್ಕೆ ಆ ಕಡೆಗೆ ತಿರುಚಿಕೊಳ್ಳುತ್ತದೆ.

ನಿಜವಾದ ವಾಪಿಟಿಯನ್ನು ಇಂದು ನೋಡಬೇಕೆಂದರೆ ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಬಣ್ಣಕ್ಕೆ, ಜೋಡಣೆಯ ವಿವರಕ್ಕೆ ಅಲ್ಲಿನ ವಿಮಾನಕ್ಕಿಂತ ದೊಡ್ಡ ಆಧಾರವಿಲ್ಲ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ವಾಪಿಟಿ ಇಲ್ಲವಾದರೂ ಎಚ್‌ಟಿ-2 ತರಬೇತಿ ವಿಮಾನದಂಥ ಸ್ವದೇಶಿ ವಿಮಾನಗಳನ್ನು ಹತ್ತಿರದಿಂದ ಕಾಣಬಹುದು. ವಿಮಾನದ ರೆಕ್ಕೆಯ ಅಂಚು ಎಷ್ಟು ತೆಳು, ಕೀಲು ಎಷ್ಟು ಸಣ್ಣದು ಎಂಬ ಅಂದಾಜು ಮಾದರಿಕಾರನ ಕಣ್ಣಿಗೆ ಅಲ್ಲೇ ಸಿಗುತ್ತದೆ.

ಮುಗಿದ ಮಾದರಿಯನ್ನು ಗಾಜಿನ ಅಥವಾ ಅಕ್ರಿಲಿಕ್ ಪೆಟ್ಟಿಗೆಯಲ್ಲಿ, ನೇರ ಬಿಸಿಲು ಬೀಳದ ಕಡೆ ಇಡಬೇಕು. ಬಿಸಿಲಿಗೆ ಪಾಲಿಸ್ಟೈರೀನ್ ಹಳದಿಗಟ್ಟಿ ಪೆಡಸಾಗುತ್ತದೆ, ರೇಷ್ಮೆ ಜೀರ್ಣವಾಗುತ್ತದೆ. ಬಟ್ಟೆಯ ಕಪಾಟಿನಲ್ಲಂತೂ ಇಡಬಾರದು. ಅಲ್ಲಿ ಹಾಕುವ ನುಸಿಗುಳಿಗೆಯ ನ್ಯಾಫ್ತಲೀನ್ ಆವಿ ಪಾಲಿಸ್ಟೈರೀನನ್ನು ಮೆತ್ತಗೆ ಮಾಡಿ ರೆಕ್ಕೆಯ ಆಕಾರವನ್ನೇ ಕೆಡಿಸುತ್ತದೆ.